ಸತ್ಯಂ ಹಗರಣ, ಪೇಟೆಂಟ್ ವ್ಯಾಜ್ಯ ಮತ್ತು ಸ್ವಾಧೀನ: ಸಣ್ಣ ಷೇರುದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಷೇರುಗಳನ್ನು ಐವತ್ತೋ ನೂರೋ ಲೆಕ್ಕದಲ್ಲಿ ಕೊಂಡು ಇಟ್ಟುಕೊಂಡಿದ್ದವರು ಕರ್ನಾಟಕದಲ್ಲೂ ಇದ್ದರು. ಬ್ಯಾಂಕ್ ನೌಕರರು, ಶಿಕ್ಷಕರು, ನಿವೃತ್ತರು, ಬೆಂಗಳೂರಿನ ಐಟಿ ಉದ್ಯೋಗಿಗಳು, ಹೀಗೆ ಎಲ್ಲ ಬಗೆಯವರೂ ಅವರಲ್ಲಿದ್ದರು. ಅವರೂ ಅವರ ಮಕ್ಕಳೂ ಇಂದಿಗೂ ಕೇಳುವ ಪ್ರಶ್ನೆಗಳಿಗೆ ದಾಖಲೆಯಲ್ಲಿರುವ ಸಂಗತಿಗಳನ್ನು ಆಧರಿಸಿ ಇಲ್ಲಿ ಉತ್ತರ ಕೊಡಲಾಗಿದೆ. ಅಭಿಪ್ರಾಯ ಹೇಳಬೇಕಾದ ಕಡೆ ಅದನ್ನು ಮುಚ್ಚಿಟ್ಟಿಲ್ಲ.

2009ರ ಜನವರಿಯಲ್ಲಿ ನಿಜಕ್ಕೂ ಏನಾಯಿತು?

2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ಆಡಳಿತ ಮಂಡಳಿಗೆ ಪತ್ರ ಬರೆದು, ಹಲವು ವರ್ಷಗಳಿಂದ ಲೆಕ್ಕಪತ್ರಗಳನ್ನು ತಿರುಚಲಾಗಿತ್ತು ಎಂದು ಒಪ್ಪಿಕೊಂಡರು. ಬ್ಯಾಂಕಿನಲ್ಲಿದೆ ಎಂದು ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಇಲ್ಲದ ಆ ಠೇವಣಿಯ ಮೇಲೆ ಬಂದಿದೆ ಎಂದು ತೋರಿಸಿದ್ದ 376 ಕೋಟಿ ರೂಪಾಯಿ ಬಡ್ಡಿಯೂ ಇರಲಿಲ್ಲ. 1,230 ಕೋಟಿ ರೂಪಾಯಿಯ ಹೊಣೆ ಪುಸ್ತಕದಲ್ಲಿ ಕಾಣಿಸದೆ ಉಳಿದಿತ್ತು. ಹಿಂದಿನ ದಿನ 179 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಅಂದು ಮುಂಬೈ ಷೇರುಪೇಟೆಯಲ್ಲಿ 39.95 ರೂಪಾಯಿಗೆ ಇಳಿಯಿತು, ಎರಡು ದಿನ ಕಳೆಯುವಷ್ಟರಲ್ಲಿ ವಹಿವಾಟಿನ ನಡುವೆ 6 ರೂಪಾಯಿ ಚಿಲ್ಲರೆಯನ್ನೂ ಕಂಡಿತು. ಗಾಬರಿಗೊಂಡು ಆ ಎರಡು ದಿನಗಳಲ್ಲಿ ಮಾರಿದವರ ನಷ್ಟವನ್ನು ಆಮೇಲೆ ನಡೆದ ಯಾವುದೂ ತುಂಬಿಕೊಡಲಿಲ್ಲ.

ಮೊದಲೇ ಸುಳಿವು ಸಿಕ್ಕಿರಲಿಲ್ಲವೇ?

ಸಿಕ್ಕಿತ್ತು. ಆದರೆ ಸಣ್ಣ ಷೇರುದಾರನ ಕೈಗೆ ಅದು ಬಿಡಿಬಿಡಿಯಾಗಿ, ತಡವಾಗಿ ಬಂತು. 2008ರ ಡಿಸೆಂಬರ್ 16ರಂದು ಸತ್ಯಂ ಆಡಳಿತ ಮಂಡಳಿಯು ರಾಜು ಕುಟುಂಬಕ್ಕೆ ಸೇರಿದ ಮೇಟಾಸ್ ಇನ್‌ಫ್ರಾ ಮತ್ತು ಮೇಟಾಸ್ ಪ್ರಾಪರ್ಟೀಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ತೀರ್ಮಾನಿಸಿತು. ಸಾಫ್ಟ್‌ವೇರ್ ಕಂಪನಿಯ ಹಣದಲ್ಲಿ ಪ್ರವರ್ತಕರ ಮನೆಯವರ ಕಟ್ಟಡ ಮತ್ತು ನಿವೇಶನ ವ್ಯವಹಾರವನ್ನು ಕೊಳ್ಳುವ ಈ ನಿರ್ಧಾರಕ್ಕೆ ಷೇರುದಾರರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ಸತ್ಯಂನ ಎಡಿಆರ್ (ಭಾರತದ ಷೇರಿನ ಬದಲಿಗೆ ಅಮೆರಿಕದ ಪೇಟೆಯಲ್ಲಿ ವಹಿವಾಟಾಗುವ ರಸೀದಿ) ಬೆಲೆ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗೆ ಬಿದ್ದ ಮೇಲೆ, ಆ ತೀರ್ಮಾನವನ್ನು ಕೆಲವೇ ಗಂಟೆಗಳಲ್ಲಿ ಹಿಂದಕ್ಕೆ ಪಡೆಯಲಾಯಿತು. ಅದೇ ತಿಂಗಳು ವಿಶ್ವಬ್ಯಾಂಕ್ ಈ ಕಂಪನಿಗೆ ಎಂಟು ವರ್ಷ ಗುತ್ತಿಗೆ ಕೊಡದಂತೆ ನಿಷೇಧ ಹಾಕಿರುವ ಸುದ್ದಿ ಹೊರಬಿತ್ತು.

ಇದಕ್ಕಿಂತ ದೊಡ್ಡ ಸುಳಿವು ಪ್ರವರ್ತಕರ ಷೇರುಗಳಲ್ಲಿತ್ತು. ಅವರು ತಮ್ಮ ಷೇರುಗಳನ್ನು ಒತ್ತೆಯಿಟ್ಟು ಸಾಲ ತೆಗೆದಿದ್ದರು. ಬೆಲೆ ಕುಸಿದಾಗ ಸಾಲ ಕೊಟ್ಟವರು ಅವನ್ನು ಪೇಟೆಯಲ್ಲಿ ಮಾರಿಬಿಟ್ಟರು. ಒತ್ತೆಯ ವಿಷಯವನ್ನು ಷೇರುದಾರರಿಗೆ ತಿಳಿಸಬೇಕೆಂಬ ಕಡ್ಡಾಯ ಆಗ ಇರಲಿಲ್ಲ, ಆ ನಿಯಮವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತಂದದ್ದು ಈ ಹಗರಣದ ಬಳಿಕ. ಇದೇ ಕಂಪನಿಗೆ 2008ರ ಸೆಪ್ಟೆಂಬರಿನಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಪ್ರಶಸ್ತಿಯನ್ನೂ ಲೆಕ್ಕಪರಿಶೋಧಕರ ಸಹಿಯನ್ನೂ ನಂಬಿ ಹಣ ಹಾಕಿದವರನ್ನು ದುರಾಸೆಯವರೆಂದು ಜರೆಯುವುದು ಅನ್ಯಾಯ.

ಯುಪೇಯ್ಡ್ ವ್ಯಾಜ್ಯ ಎಂದರೇನು? ಅದಕ್ಕೂ ಲೆಕ್ಕಪತ್ರದ ವಂಚನೆಗೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ. ಎರಡೂ ಬೇರೆ ಬೇರೆ ಬೇರಿನಿಂದ ಬೆಳೆದವು, ಆದರೆ ಎರಡರ ಬಿಲ್ಲನ್ನೂ ತೆತ್ತವರು ಒಂದೇ ಷೇರುದಾರರು.

ಯುಪೇಯ್ಡ್ ಸಿಸ್ಟಮ್ಸ್ ಎಂಬುದು ದೂರವಾಣಿ ಜಾಲದ ಮೂಲಕ ಮುಂಗಡ ಪಾವತಿ ಮತ್ತು ಹಣ ಪಾವತಿಯ ಸೇವೆಗಳನ್ನು ಒದಗಿಸುವ ತಂತ್ರಜ್ಞಾನದ ಕಂಪನಿ. 1990ರ ದಶಕದ ಕೊನೆಯಲ್ಲಿ ಅದರ ಸಾಫ್ಟ್‌ವೇರ್ ಬರೆಯುವ ಕೆಲಸವನ್ನು ಸತ್ಯಂ ಸಮೂಹದ ಕಂಪನಿಯೊಂದು ವಹಿಸಿಕೊಂಡಿತ್ತು. ಇಂಥ ಕೆಲಸದಲ್ಲಿ ಕೋಡ್ ಬರೆದ ಎಂಜಿನಿಯರುಗಳು ತಮ್ಮ ಆವಿಷ್ಕಾರದ ಹಕ್ಕನ್ನು ಕೆಲಸ ಕೊಟ್ಟ ಕಂಪನಿಗೆ ವರ್ಗಾಯಿಸಿ ಸಹಿ ಹಾಕಿಕೊಡುವುದು ವಾಡಿಕೆ. ಪೇಟೆಂಟಿನ ಒಡೆತನ ನ್ಯಾಯಾಲಯದಲ್ಲಿ ನಿಲ್ಲುವುದೇ ಆ ಸಹಿಗಳ ಬಲದ ಮೇಲೆ. 2005ರಲ್ಲಿ ಯುಪೇಯ್ಡ್, ತನ್ನ ಪೇಟೆಂಟನ್ನು ಉಲ್ಲಂಘಿಸಿದ್ದಾರೆಂದು ಕ್ವಾಲ್‌ಕಾಮ್ ಮತ್ತು ವೆರಿಝಾನ್ ವಿರುದ್ಧ ಅಮೆರಿಕದಲ್ಲಿ ದಾವೆ ಹೂಡಿತು. ಆ ದಾವೆಯ ನಡುವೆ, ಸತ್ಯಂ ಕಡೆಯಿಂದ ಬಂದ ಹಕ್ಕು ವರ್ಗಾವಣೆ ಪತ್ರಗಳ ಮೇಲಿನ ಕೆಲವು ಸಹಿಗಳೇ ನಕಲಿ ಎಂಬ ಪ್ರಶ್ನೆ ಎದ್ದಿತು. ಆ ಮೊಕದ್ದಮೆ ಕೈಗೂಡಲಿಲ್ಲ. 2007ರಲ್ಲಿ ಯುಪೇಯ್ಡ್, ನಕಲಿ ಸಹಿ, ವಂಚನೆ ಮತ್ತು ಒಪ್ಪಂದ ಭಂಗದ ಆರೋಪ ಹೊರಿಸಿ ಟೆಕ್ಸಾಸ್‌ನ ನ್ಯಾಯಾಲಯದಲ್ಲಿ ಸತ್ಯಂ ಮೇಲೆಯೇ ದಾವೆ ಹಾಕಿ, 100 ಕೋಟಿ ಡಾಲರಿಗೂ ಮೀರಿದ ಪರಿಹಾರ ಕೇಳಿತು.

ತಮ್ಮಿಬ್ಬರ ನಡುವೆ ಹಿಂದೆಯೇ ಆಗಿದ್ದ ರಾಜಿ ಒಪ್ಪಂದದಿಂದ ಇಂಥ ತಕರಾರುಗಳೆಲ್ಲ ಮುಗಿದಿವೆ ಎಂದು ಸತ್ಯಂ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ವಾದಿಸಿತು. 2008ರಲ್ಲಿ ಹೈಕೋರ್ಟೂ ಮೇಲ್ಮನವಿ ನ್ಯಾಯಾಲಯವೂ ಆ ವಾದವನ್ನು ಒಪ್ಪಲಿಲ್ಲ. ಅಂದರೆ ವಂಚನೆ ಬಯಲಾಗುವುದಕ್ಕೆ ತಿಂಗಳುಗಳ ಮೊದಲೇ, ಟೆಕ್ಸಾಸ್‌ನ ದಾವೆಯನ್ನು ಎದುರಿಸದೆ ಸತ್ಯಂಗೆ ಬೇರೆ ದಾರಿಯಿಲ್ಲ ಎಂಬುದು ಸ್ಪಷ್ಟವಾಗಿತ್ತು.

ಈ ದಾವೆಯ ತೂಕ ಸಣ್ಣ ಷೇರುದಾರರಿಗೆ ಏಕೆ ಗೊತ್ತಾಗಲಿಲ್ಲ?

ವಾರ್ಷಿಕ ವರದಿಯಲ್ಲಿ ಇಂಥ ದಾವೆಗಳು ಸಂಭಾವ್ಯ ಹೊಣೆ ಎಂಬ ಶೀರ್ಷಿಕೆಯ ಅಡಿಯಲ್ಲಿ, ಟಿಪ್ಪಣಿಗಳ ನಡುವೆ ಸಣ್ಣ ಅಕ್ಷರದಲ್ಲಿ ಕುಳಿತಿರುತ್ತವೆ. ಸೋಲುವ ಸಾಧ್ಯತೆ ಎಷ್ಟು, ಸೋತರೆ ಎಷ್ಟು ಕೊಡಬೇಕು ಎಂಬ ಅಂದಾಜನ್ನು ಮಾಡುವವರು ಆಡಳಿತದವರೇ. ನಕಲಿ ಸಹಿಯ ಆರೋಪ ಎದುರಿಸುತ್ತಿರುವ ಆಡಳಿತವೇ ಆ ಆರೋಪದ ಗಾತ್ರವನ್ನೂ ಅಳೆಯುತ್ತದೆ ಎಂಬುದು ಈ ವ್ಯವಸ್ಥೆಯ ದೋಷ. ದೊಡ್ಡ ಹೂಡಿಕೆ ಸಂಸ್ಥೆಗಳು ಅಮೆರಿಕದ ವಕೀಲರನ್ನು ಕೇಳಿ ತಿಳಿದುಕೊಳ್ಳಬಲ್ಲವು. ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕುಳಿತವರು ಟೆಕ್ಸಾಸ್‌ನ ಪೇಟೆಂಟ್ ದಾವೆಯ ಆಳವನ್ನು ಎಲ್ಲಿಂದ ಅರಿಯಬೇಕು? ತಂತ್ರಜ್ಞಾನದ ವ್ಯಾಜ್ಯಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಜಮೀನಿನ ತಕರಾರಿನಲ್ಲಿ ಜಮೀನಾದರೂ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣಿಸುವುದು ಕಾಗದದ ಮೇಲಿನ ಸಹಿ ಮಾತ್ರ.

2009ರ ಡಿಸೆಂಬರಿನಲ್ಲಿ, ಹೊಸ ಮಾಲೀಕರಾದ ಟೆಕ್ ಮಹೀಂದ್ರದ ಕಾಲದಲ್ಲಿ, ಈ ವ್ಯಾಜ್ಯ 7 ಕೋಟಿ ಡಾಲರಿಗೆ ರಾಜಿಯಾಯಿತು. ಕೇಳಿದ್ದ ಮೊತ್ತಕ್ಕೆ ಹೋಲಿಸಿದರೆ ಇದು ಕಡಿಮೆ ಎಂದು ಪೇಟೆ ನಿಟ್ಟುಸಿರು ಬಿಟ್ಟಿತು. ಆ ಹಣ ಕಂಪನಿಯ ಖಜಾನೆಯಿಂದ ಹೋದದ್ದು ಎಂಬುದನ್ನು ಮರೆಯುವಂತಿಲ್ಲ.

ಷೇರುದಾರರನ್ನು ಕೇಳದೆ ಕಂಪನಿಯನ್ನು ಮಾರಲು ಹೇಗೆ ಸಾಧ್ಯವಾಯಿತು?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಕೇಂದ್ರ ಸರ್ಕಾರ ಹಳೆಯ ಆಡಳಿತ ಮಂಡಳಿಯನ್ನು ರದ್ದು ಮಾಡಿ, ಮೊದಲು ದೀಪಕ್ ಪಾರೇಖ್, ಕಿರಣ್ ಕಾರ್ಣಿಕ್ ಮತ್ತು ಸಿ. ಅಚ್ಯುತನ್ ಅವರನ್ನು, ಆಮೇಲೆ ಇನ್ನೂ ಮೂವರನ್ನು ನೇಮಿಸಿತು. ಐವತ್ತು ಸಾವಿರಕ್ಕೂ ಹೆಚ್ಚು ನೌಕರರ ಸಂಬಳಕ್ಕೆ ಹಣ ಹೊಂದಿಸುವುದೇ ಹೊಸ ಮಂಡಳಿಗೆ ಎದುರಾದ ಮೊದಲ ಸವಾಲು. ಗ್ರಾಹಕರು ಕೈಬಿಡುವ ಮೊದಲು ಗಟ್ಟಿ ಮಾಲೀಕರೊಬ್ಬರು ಬರಬೇಕಿತ್ತು. ಸಾಮಾನ್ಯವಾಗಿ ಹೊಸ ಷೇರುಗಳನ್ನು ಸೃಷ್ಟಿಸಿ ಆಯ್ದ ಒಬ್ಬರಿಗೆ ಕೊಡಬೇಕಾದರೆ ಷೇರುದಾರರ ಸಭೆ ಕರೆದು ವಿಶೇಷ ನಿರ್ಣಯ ಪಡೆಯಬೇಕು. ಕಂಪನಿ ವ್ಯಾಜ್ಯಗಳನ್ನು ನೋಡುತ್ತಿದ್ದ ಅಂದಿನ ನ್ಯಾಯಮಂಡಳಿ ಕಂಪನಿ ಲಾ ಬೋರ್ಡ್ 2009ರ ಫೆಬ್ರುವರಿಯಲ್ಲಿ ಆ ಸಭೆಯ ಅಗತ್ಯವಿಲ್ಲವೆಂದು ಆದೇಶಿಸಿ, ಅಧಿಕೃತ ಬಂಡವಾಳವನ್ನು (ಕಂಪನಿ ಹೊರಡಿಸಬಹುದಾದ ಷೇರುಗಳ ಗರಿಷ್ಠ ಮೊತ್ತ) 160 ಕೋಟಿಯಿಂದ 280 ಕೋಟಿ ರೂಪಾಯಿಗೆ ಏರಿಸಲು ಅನುಮತಿ ಕೊಟ್ಟಿತು. ಸೆಬಿಯೂ ಸ್ವಾಧೀನ ನಿಯಮಗಳಿಗೆ ತಿದ್ದುಪಡಿ ತಂದು, ಸರ್ಕಾರ ಮಂಡಳಿಯನ್ನು ನೇಮಿಸಿದ ಇಂಥ ಕಂಪನಿಗಳಿಗೆ ವಿನಾಯಿತಿ ನೀಡಿತು.

ತುರ್ತು ಇತ್ತೆಂಬುದು ನಿಜ, ಆ ಆರು ಮಂದಿ ಕಂಪನಿಯನ್ನು ಉಳಿಸಿದರೆಂಬುದೂ ನಿಜ. ಆದರೆ ಮಾಲೀಕರೆಂದು ಕಾನೂನು ಕರೆಯುವ ಜನರಿಗೆ ತಮ್ಮ ಕಂಪನಿಯನ್ನು ಯಾರಿಗೆ, ಯಾವ ಷರತ್ತಿಗೆ ಕೊಡಲಾಗುತ್ತಿದೆ ಎಂದು ಒಂದು ಅಂಚೆ ಮತದ ಮೂಲಕವಾದರೂ ಹೇಳುವ ಅವಕಾಶ ಸಿಗಲಿಲ್ಲ. ಉತ್ತರ ಒಪ್ಪಿಗೆಯೇ ಆಗುತ್ತಿತ್ತು ಎಂದು ಬಗೆದು ಪ್ರಶ್ನೆಯನ್ನೇ ಕೇಳದಿರುವುದು ಸರಿಯಲ್ಲ.

58 ರೂಪಾಯಿ ಎಂಬ ಬೆಲೆ ಎಲ್ಲಿಂದ ಬಂತು?

2009ರ ಏಪ್ರಿಲ್ 13ರಂದು ಮೊಹರು ಮಾಡಿದ ಬಿಡ್ಡುಗಳನ್ನು ತೆರೆಯಲಾಯಿತು. ಟೆಕ್ ಮಹೀಂದ್ರ ತನ್ನ ಅಂಗಸಂಸ್ಥೆ ವೆಂಚರ್‌ಬೇ ಮೂಲಕ ಷೇರಿಗೆ 58 ರೂಪಾಯಿ ಹೇಳಿತು. ಆಗಲೇ ಸುಮಾರು ಶೇ. 12ರಷ್ಟು ಷೇರು ಹೊಂದಿದ್ದ ಲಾರ್ಸನ್ ಅಂಡ್ ಟೂಬ್ರೊ 45.90 ರೂಪಾಯಿ, ಅಮೆರಿಕದ ಹೂಡಿಕೆದಾರ ವಿಲ್ಬರ್ ರಾಸ್ ಅವರ ಸಂಸ್ಥೆ 20 ರೂಪಾಯಿ ಹೇಳಿದವು. ಎರಡನೆಯ ಬಿಡ್ಡು ಮೊದಲನೆಯದರ ಶೇ. 90ಕ್ಕಿಂತ ಕಡಿಮೆಯಿದ್ದ ಕಾರಣ ಮರುಹರಾಜು ನಡೆಯಲಿಲ್ಲ. ಶೇ. 31ರಷ್ಟು ಪಾಲಿಗೆ ಟೆಕ್ ಮಹೀಂದ್ರ ಸುಮಾರು 1,756 ಕೋಟಿ ರೂಪಾಯಿ ಕೊಟ್ಟಿತು.

ಆ ಹಣ ಹೊಸ ಷೇರುಗಳಿಗಾಗಿ ಬಂದದ್ದರಿಂದ ಅದು ಕಂಪನಿಗೆ ಸೇರಿತು, ಹಳೆಯ ಷೇರುದಾರರಿಗಲ್ಲ. ಹಳೆಯವರ ಪಾಲು ಅಷ್ಟರಮಟ್ಟಿಗೆ ಕರಗಿತು. ಜುಲೈನಲ್ಲಿ ಅದೇ ಬೆಲೆಗೆ ಇನ್ನಷ್ಟು ಹೊಸ ಷೇರು ಹಂಚಿದ ಮೇಲೆ ಟೆಕ್ ಮಹೀಂದ್ರದ ಪಾಲು ಶೇ. 43ರ ಸಮೀಪಕ್ಕೆ ಏರಿತು. ಹಗರಣದ ಮುನ್ನ ಸುಮಾರು 67 ಕೋಟಿಯಷ್ಟಿದ್ದ ಷೇರುಗಳು ಈಗ 117 ಕೋಟಿ ದಾಟಿದ್ದವು. ಮುಂದೆ ಕಂಪನಿ ಗಳಿಸುವ ಪ್ರತಿ 100 ರೂಪಾಯಿ ಲಾಭದಲ್ಲಿ ಹಳೆಯ ಷೇರುದಾರರೆಲ್ಲರ ಒಟ್ಟು ಹಕ್ಕು ಸುಮಾರು 57 ರೂಪಾಯಿಗೆ ಇಳಿಯಿತು.

ಓಪನ್ ಆಫರ್‌ನಲ್ಲಿ 58 ರೂಪಾಯಿಗೆ ಷೇರು ಕೊಡಬೇಕಿತ್ತೇ?

ಓಪನ್ ಆಫರ್ ಎಂದರೆ ಕಂಪನಿಯನ್ನು ಕೊಳ್ಳುವವರು ಉಳಿದ ಷೇರುದಾರರ ಷೇರುಗಳನ್ನೂ ನಿಗದಿತ ಬೆಲೆಗೆ ಕೊಳ್ಳಲು ಮುಂದಿಡುವ ಆಹ್ವಾನ. ಕೊಟ್ಟವರು ತೀರಾ ಕಡಿಮೆ. ಶೇ. 20ರಷ್ಟು ಷೇರುಗಳಿಗೆ ಆಫರ್ ಕೊಟ್ಟಿದ್ದರೂ, 2009ರ ಜೂನ್ ಹೊತ್ತಿಗೆ ಪೇಟೆಯ ಬೆಲೆ 58ನ್ನು ದಾಟಿತ್ತು. ಆ ಕಾಲದಲ್ಲಿ ಆಫರ್‌ಗೆ ಕೊಟ್ಟ ಷೇರು ಪೇಟೆಯ ಹೊರಗಿನ ಮಾರಾಟವಾಗುತ್ತಿದ್ದುದರಿಂದ ದೀರ್ಘಾವಧಿ ಲಾಭಕ್ಕೆ ಇದ್ದ ತೆರಿಗೆ ವಿನಾಯಿತಿಯೂ ಸಿಗುತ್ತಿರಲಿಲ್ಲ. ಆಫರ್‌ನಲ್ಲಿ ಷೇರು ಸಿಗದ ಕಾರಣಕ್ಕೇ ಮೇಲೆ ಹೇಳಿದ ಎರಡನೆಯ ಹಂಚಿಕೆ ನಡೆಯಿತು. ಮಾರದೆ ಉಳಿದವರ ನಿರ್ಧಾರವೇ ಅವರ ಪಾಲನ್ನು ಇನ್ನಷ್ಟು ಕರಗಿಸಿತು. ಇದು ಮೊದಲೇ ಪ್ರಕಟವಾಗಿದ್ದ ಷರತ್ತು ಎಂಬುದು ನಿಜವಾದರೂ, ಅದನ್ನು ಓದಿ ಅರ್ಥಮಾಡಿಕೊಂಡ ಸಣ್ಣ ಷೇರುದಾರರು ಬೆರಳೆಣಿಕೆಯಷ್ಟಿದ್ದಿರಬಹುದು.

ಸ್ವಾಧೀನದ ನಂತರ ಲೆಕ್ಕಪತ್ರ ಬರಲು ಏಕೆ ಅಷ್ಟು ತಡವಾಯಿತು?

ಏಳೆಂಟು ವರ್ಷಗಳ ನಕಲಿ ಇನ್‌ವಾಯ್ಸ್ ಮತ್ತು ನಕಲಿ ಠೇವಣಿ ರಸೀದಿಗಳನ್ನು ಬಿಡಿಸಿ ನೋಡಬೇಕಿತ್ತು. ಸರಿಪಡಿಸಿದ ಲೆಕ್ಕ ಹೊರಬಂದದ್ದು 2010ರ ಸೆಪ್ಟೆಂಬರ್ ಕೊನೆಯಲ್ಲಿ. 2008-09ರ ಸಾಲಿಗೆ 8,100 ಕೋಟಿ ರೂಪಾಯಿಗೂ ಮೀರಿದ ನಷ್ಟ ಅದರಲ್ಲಿತ್ತು. ಅಲ್ಲಿಯವರೆಗೆ ಸುಮಾರು ಇಪ್ಪತ್ತು ತಿಂಗಳು ಷೇರು ಪ್ರತಿದಿನ ಪೇಟೆಯಲ್ಲಿ ಕೈ ಬದಲಾಯಿಸುತ್ತಲೇ ಇತ್ತು, ಆದರೆ ಅದರ ಹಿಂದಿನ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ಅಮೆರಿಕದ ನಿಯಮದಂತೆ ಲೆಕ್ಕ ಸಲ್ಲಿಸಲಾಗದೆ ಕಂಪನಿ ಅದೇ ವರ್ಷ ನ್ಯೂಯಾರ್ಕ್ ಷೇರುಪೇಟೆಯಿಂದ ಹೊರಬಂತು.

ಅಮೆರಿಕದ ಹೂಡಿಕೆದಾರರಿಗೆ ಪರಿಹಾರ ಸಿಕ್ಕಿತು. ನಮಗೇಕೆ ಸಿಗಲಿಲ್ಲ?

ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ನೋವು ಕೊಡುವ ಭಾಗ ಇದೇ. ಅಮೆರಿಕದಲ್ಲಿ ಹೂಡಿಕೆದಾರರು ಒಟ್ಟಾಗಿ ಸಮೂಹ ದಾವೆ ಹೂಡಬಹುದು, ವಕೀಲರು ಗೆದ್ದ ಹಣದಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ವಾದಿಸುತ್ತಾರೆ. ಅಲ್ಲಿನ ದಾವೆ 2011ರ ಫೆಬ್ರುವರಿಯಲ್ಲಿ 12.5 ಕೋಟಿ ಡಾಲರಿಗೆ ರಾಜಿಯಾಯಿತು. ಲೆಕ್ಕಪರಿಶೋಧನೆ ಮಾಡಿದ್ದ ಪ್ರೈಸ್ ವಾಟರ್‌ಹೌಸ್ ಸಂಸ್ಥೆಗಳು ಪ್ರತ್ಯೇಕವಾಗಿ 2.55 ಕೋಟಿ ಡಾಲರ್ ಕೊಡಲು ಒಪ್ಪಿದವು. ಈ ಹಣ ಸೇರಿದ್ದು ನ್ಯೂಯಾರ್ಕ್‌ನಲ್ಲಿ ಎಡಿಆರ್ ಕೊಂಡವರಿಗೆ ಮತ್ತು ಭಾರತದ ಪೇಟೆಯಲ್ಲಿ ಕೊಂಡಿದ್ದ ಅಮೆರಿಕದ ನಿವಾಸಿಗಳಿಗೆ. ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಮಾರಿಸನ್ ಪ್ರಕರಣದಲ್ಲಿ, ತನ್ನ ನೆಲದಲ್ಲಿ ನಡೆಯದ ಷೇರು ವ್ಯವಹಾರಕ್ಕೆ ಅಲ್ಲಿನ ವಂಚನೆ ತಡೆ ಕಾನೂನು ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿದ್ದರಿಂದ, ಭಾರತದಲ್ಲಿ ಕೊಂಡ ಭಾರತೀಯರಿಗೆ ಆ ಬಾಗಿಲು ತೆರೆಯುವ ಆಸೆಯೂ ಉಳಿಯಲಿಲ್ಲ.

ಭಾರತದಲ್ಲಿ ಮೈದಾಸ್ ಟಚ್ ಇನ್ವೆಸ್ಟರ್ಸ್ ಅಸೋಸಿಯೇಷನ್ ಎಂಬ ಹೂಡಿಕೆದಾರರ ಸಂಘ ಸುಮಾರು 3 ಲಕ್ಷ ಸಣ್ಣ ಷೇರುದಾರರ ಪರವಾಗಿ ಗ್ರಾಹಕ ಆಯೋಗಕ್ಕೆ ಹೋಗಿ 4,987 ಕೋಟಿ ರೂಪಾಯಿ ಪರಿಹಾರ ಕೇಳಿತು. ರಾಷ್ಟ್ರೀಯ ಆಯೋಗ ಅದನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ, 2009ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಮಧ್ಯಪ್ರವೇಶಿಸಲಿಲ್ಲ. ಅಂದಿನ ಕಂಪನಿ ಕಾನೂನಿನಲ್ಲಿ ನಷ್ಟ ತುಂಬಿಸಿಕೊಡುವ ಸಮೂಹ ದಾವೆಗೆ ಜಾಗವೇ ಇರಲಿಲ್ಲ. ಒಬ್ಬೊಬ್ಬರೇ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಇಪ್ಪತ್ತು ಸಾವಿರ ರೂಪಾಯಿ ಕಳೆದುಕೊಂಡವರು ಅದಕ್ಕಿಂತ ಹೆಚ್ಚು ಖರ್ಚು ಮಾಡಿ ವರ್ಷಗಟ್ಟಲೆ ಅಲೆಯುವ ದಾರಿಯದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ 12.5 ಕೋಟಿ ಡಾಲರ್ ರಾಜು ಅವರ ಕೈಯಿಂದ ಬಂದದ್ದಲ್ಲ, ಕಂಪನಿಯಿಂದ ಬಂದದ್ದು. ಅಮೆರಿಕದ ಷೇರು ನಿಯಂತ್ರಣ ಆಯೋಗಕ್ಕೆ ಕೊಟ್ಟ 1 ಕೋಟಿ ಡಾಲರ್ ದಂಡವೂ, 2012ರಲ್ಲಿ ಅಬರ್ಡೀನ್ ಹೂಡಿಕೆ ನಿಧಿಗಳ ಜೊತೆ ಸುಮಾರು 6.8 ಕೋಟಿ ಡಾಲರಿಗೆ ಆದ ರಾಜಿಯೂ ಹಾಗೆಯೇ. ವಂಚನೆಗೊಳಗಾದ ಭಾರತೀಯ ಷೇರುದಾರರು ತಮಗೆ ಬಿಡಿಗಾಸೂ ಸಿಗದಿದ್ದರೂ, ಅದೇ ವಂಚನೆಗೊಳಗಾದ ಬೇರೆಯವರ ನಷ್ಟವನ್ನು ತುಂಬಿಕೊಟ್ಟರು. ಕಾನೂನಿನ ಲೆಕ್ಕದಲ್ಲಿ ಇದಕ್ಕೆ ಸಮರ್ಥನೆ ಇರಬಹುದು, ನ್ಯಾಯದ ಲೆಕ್ಕದಲ್ಲಿ ಇಲ್ಲ.

ಈಗ ಅಂಥದ್ದು ನಡೆದರೆ ಸಮೂಹ ದಾವೆ ಹೂಡಬಹುದೇ?

ಹೂಡಬಹುದು. 2013ರ ಕಂಪನಿ ಕಾಯ್ದೆಯ 245ನೇ ಕಲಮು 2016ರ ಜೂನ್‌ನಲ್ಲಿ ಜಾರಿಗೆ ಬಂದಿದೆ. 2019ರಲ್ಲಿ ನಿಗದಿಯಾದಂತೆ, ಒಟ್ಟು ಷೇರುದಾರರ ಶೇ. 5ರಷ್ಟು ಮಂದಿ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ಲೆಕ್ಕಪರಿಶೋಧಕರ ಮೇಲೂ ಪರಿಹಾರ ಕೇಳಬಹುದು. ಆದರೆ ನಮ್ಮಲ್ಲಿ ವಕೀಲರು ಗೆದ್ದ ಹಣದಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲವಾದ್ದರಿಂದ ಮೊದಲ ಖರ್ಚನ್ನು ಯಾರು ಹೊರಬೇಕೆಂಬ ತೊಡಕು ಹಾಗೆಯೇ ಇದೆ.

17 ಷೇರಿಗೆ 2 ಷೇರು ಎಂಬ ಲೆಕ್ಕ ಹೇಗೆ?

2012ರ ಮಾರ್ಚ್‌ನಲ್ಲಿ ಟೆಕ್ ಮಹೀಂದ್ರದೊಂದಿಗೆ ಸತ್ಯಂನ ವಿಲೀನ ಪ್ರಕಟವಾಗಿ, 2013ರ ಜೂನ್‌ನಲ್ಲಿ ಪೂರ್ಣಗೊಂಡಿತು. 2 ರೂಪಾಯಿ ಮುಖಬೆಲೆಯ 17 ಸತ್ಯಂ ಷೇರುಗಳಿಗೆ 10 ರೂಪಾಯಿ ಮುಖಬೆಲೆಯ 2 ಟೆಕ್ ಮಹೀಂದ್ರ ಷೇರುಗಳು ಸಿಕ್ಕವು. 17ರಿಂದ ಸರಿಯಾಗಿ ಭಾಗವಾಗದ ಸಂಖ್ಯೆಯಲ್ಲಿ ಷೇರು ಹೊಂದಿದ್ದವರ ಭಿನ್ನಾಂಶಗಳನ್ನು ಒಟ್ಟುಗೂಡಿಸಿ ಮಾರಿ ನಗದು ಹಂಚುವುದು ಇಂಥ ವಿಲೀನಗಳಲ್ಲಿ ಪದ್ಧತಿ. 2015ರಲ್ಲಿ ಟೆಕ್ ಮಹೀಂದ್ರ ಒಂದಕ್ಕೊಂದು ಬೋನಸ್ ಷೇರು ಕೊಟ್ಟು, ಪ್ರತಿ ಷೇರನ್ನು ಎರಡಾಗಿ ಒಡೆದು ಮುಖಬೆಲೆಯನ್ನು 5 ರೂಪಾಯಿಗೆ ಇಳಿಸಿತು. ಹೀಗಾಗಿ ಮಾರದೆ ಇಟ್ಟುಕೊಂಡವರಲ್ಲಿ ಪ್ರತಿ 17 ಸತ್ಯಂ ಷೇರಿನ ಜಾಗದಲ್ಲಿ ಈಗ 8 ಷೇರುಗಳಿರಬೇಕು. ತೆರಿಗೆಯ ಲೆಕ್ಕಕ್ಕೆ ವಿಲೀನವು ಮಾರಾಟವಲ್ಲ. ನೀವು ಸತ್ಯಂ ಕೊಂಡ ದಿನಾಂಕವೇ ಹಿಡುವಳಿಯ ಆರಂಭವಾಗುತ್ತದೆ.

ತಂದೆಯವರ ಪೆಟ್ಟಿಗೆಯಲ್ಲಿ ಹಳೆಯ ಸತ್ಯಂ ಷೇರು ಪತ್ರ ಸಿಕ್ಕಿದೆ. ಅದಕ್ಕೆ ಬೆಲೆಯಿದೆಯೇ?

ಆ ಕಾಗದಕ್ಕೆ ಈಗ ಬೆಲೆಯಿಲ್ಲ, ಆದರೆ ಅದು ಸೂಚಿಸುವ ಹಕ್ಕಿಗೆ ಇದೆ. ಅದನ್ನು ಎಸೆಯಬೇಡಿ. ಪತ್ರದಲ್ಲಿರುವ ಫೋಲಿಯೊ ಸಂಖ್ಯೆಯನ್ನು ಬರೆದು ಟೆಕ್ ಮಹೀಂದ್ರ ಕಂಪನಿಯ ಷೇರು ರಿಜಿಸ್ಟ್ರಾರ್ ಕಚೇರಿಗೆ ಪತ್ರ ಕಳಿಸಿ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳು ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ಹೋಗಿರುತ್ತವೆ. ಅಲ್ಲಿಂದ ಅವನ್ನು ಮರಳಿ ಪಡೆಯಲು ಐಇಪಿಎಫ್-5 ನಮೂನೆ ಸಲ್ಲಿಸಬೇಕು. ತಂದೆಯವರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಹಕ್ಕು ಬದಲಾಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ಪ್ಯಾನ್ ಮತ್ತು ನಿಮ್ಮ ಡಿಮ್ಯಾಟ್ ಖಾತೆಯ ವಿವರ ಬೇಕಾಗುತ್ತವೆ. ಷೇರುಗಳ ಮೌಲ್ಯ ಹೆಚ್ಚಿದ್ದರೆ ಉತ್ತರಾಧಿಕಾರ ಪತ್ರವನ್ನೂ ಕೇಳಬಹುದು. ಉತ್ತರ ಬಾರದಿದ್ದರೆ ಸೆಬಿಯ ಸ್ಕೋರ್ಸ್ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ಬೆಂಗಳೂರಿನ ಮೈಂಡ್‌ಟ್ರೀ ಸ್ವಾಧೀನದಲ್ಲೂ ಹೀಗೆಯೇ ಆಯಿತೇ?

ಇಲ್ಲ, ಮತ್ತು ಆ ವ್ಯತ್ಯಾಸ ತಿಳಿದಿರಬೇಕಾದದ್ದು. 2019ರಲ್ಲಿ ಲಾರ್ಸನ್ ಅಂಡ್ ಟೂಬ್ರೊ, ವಿ. ಜಿ. ಸಿದ್ಧಾರ್ಥ ಅವರ ಬಳಿಯಿದ್ದ ಶೇ. 20ರಷ್ಟು ಪಾಲನ್ನು ಷೇರಿಗೆ 980 ರೂಪಾಯಿಯಂತೆ ಕೊಂಡು, ಅದೇ ಬೆಲೆಗೆ ಉಳಿದ ಷೇರುದಾರರಿಗೂ ಓಪನ್ ಆಫರ್ ಕೊಟ್ಟಿತು. ಸಂಸ್ಥಾಪಕರು ವಿರೋಧಿಸಿದರು. ಆದರೂ 2011ರ ಸೆಬಿ ನಿಯಮದಂತೆ ಸ್ವತಂತ್ರ ನಿರ್ದೇಶಕರ ಸಮಿತಿ ಆಫರ್ ಬಗ್ಗೆ ತನ್ನ ಅಭಿಪ್ರಾಯವನ್ನು ಷೇರುದಾರರಿಗೆ ಬರೆದು ತಿಳಿಸಬೇಕಿತ್ತು. ದೊಡ್ಡವರಿಗೆ ಸಿಕ್ಕ ಬೆಲೆಯೇ ಹತ್ತು ಷೇರು ಹೊಂದಿದ್ದವರಿಗೂ ದೊರೆಯಿತು, ಕೊಡುವುದೋ ಬಿಡುವುದೋ ಅವರ ಇಷ್ಟವಾಗಿತ್ತು.

ತಪ್ಪಿತಸ್ಥರಿಂದ ವಸೂಲಾಗುವ ಹಣ ಷೇರುದಾರರಿಗೆ ಬರುತ್ತದೆಯೇ?

2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಮಲಿಂಗ ರಾಜು ಮತ್ತು ಇತರ ಒಂಬತ್ತು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಏಳು ವರ್ಷ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದ ಮೇಲೆ ಮುಂದಿನ ತಿಂಗಳೇ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. 2014ರಲ್ಲಿ ಸೆಬಿ ರಾಜು ಮತ್ತಿತರರನ್ನು 14 ವರ್ಷ ಷೇರುಪೇಟೆಯಿಂದ ದೂರವಿಟ್ಟು, 1,849 ಕೋಟಿ ರೂಪಾಯಿ ಅಕ್ರಮ ಲಾಭವನ್ನು ಬಡ್ಡಿಸಹಿತ ಕಟ್ಟುವಂತೆ ಆದೇಶಿಸಿತು. ಆ ಮೊತ್ತದ ಲೆಕ್ಕ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಸುತ್ತಾಡಿತು. ದಂಡದ ಹಣ ಸರ್ಕಾರಕ್ಕೆ ಸೇರುತ್ತದೆ. ಮರುವಸೂಲಿಯ ಹಣವೂ ಸೆಬಿ ಪ್ರತ್ಯೇಕ ಹಂಚಿಕೆ ಯೋಜನೆ ರೂಪಿಸದ ಹೊರತು ಷೇರುದಾರರ ಖಾತೆಗೆ ಬರುವುದಿಲ್ಲ. ಆದ್ದರಿಂದ ಸತ್ಯಂ ಪರಿಹಾರ ಕೊಡಿಸುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.